ಫೋನಿಗೆ ಮೂರನೆಯ ಕಿವಿ: ಅಪ್ಪಣೆ ಯಾರದು, ಕಾವಲು ಯಾರದು?

"ಇದು ಫೋನಿನಲ್ಲಿ ಬೇಡ ಮಾರಾಯ್ರೇ, ಸಿಕ್ಕಿದಾಗ ಮಾತಾಡುವ." ಕಾಸರಗೋಡಿನ ಕಡೆ ಈ ಮಾತು ಕೇಳದವರಿಲ್ಲ. ಅಕ್ಕಲಕೋಟೆ, ಜತ್ತದ ಕಡೆ ಹೋದರೆ ಇದೇ ಮಾತು "ಫೋನಿನ್ಯಾಗ ಬ್ಯಾಡ್ರೀ, ಭೆಟ್ಟಿ ಆದಾಗ ಹೇಳ್ತೀನಿ" ಎಂದಾಗುತ್ತದೆ. ಜಾಗದ ತಕರಾರು, ಪಂಚಾಯಿತಿ ಚುನಾವಣೆ, ಕನ್ನಡ ಶಾಲೆಯ ಹೋರಾಟ, ಯಾವುದೇ ಇರಲಿ, ಮಾತು ಸ್ವಲ್ಪ ಬಿಸಿಯಾದ ಕೂಡಲೇ ನಮಗೆ ಕೈಯಲ್ಲಿರುವ ಫೋನಿನ ಮೇಲೆಯೇ ಅನುಮಾನ ಬರುತ್ತದೆ.

ಈ ಅನುಮಾನ ಬಹಳಷ್ಟು ಸಲ ಬರೀ ಅನುಮಾನವೇ. ಊರಿನ ಪ್ರತಿಯೊಬ್ಬರ ಮಾತು ಕೇಳುತ್ತ ಕೂರಲು ಯಾವ ಸರಕಾರಕ್ಕೂ ಪುರುಸೊತ್ತಿಲ್ಲ. ಆದರೆ ಕೇಳಲೇಬೇಕೆಂದು ಸರಕಾರ ಮನಸ್ಸು ಮಾಡಿದರೆ ಅದಕ್ಕೆ ಯಾರ ಅಪ್ಪಣೆ ಬೇಕು? ಆ ಅಪ್ಪಣೆ ಸರಿಯೇ ಎಂದು ನೋಡುವವರು ಯಾರು? ಫೋನು ಯಾರದೋ ಅವರಿಗೆ ಇದು ಎಂದಾದರೂ ಗೊತ್ತಾಗುತ್ತದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ತಿಳಿದುಕೊಳ್ಳುವುದು ಒಳ್ಳೆಯದು.

ಮನೆ ಶೋಧಕ್ಕೂ ಫೋನ್ ಕದ್ದಾಲಿಕೆಗೂ ಇರುವ ವ್ಯತ್ಯಾಸ

ಪೊಲೀಸರು ಮನೆ ಶೋಧಕ್ಕೆ ಬಂದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಿದೆ. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ವಾರಂಟ್ ಇರಬೇಕು. ತುರ್ತಿನಲ್ಲಿ ವಾರಂಟ್ ಇಲ್ಲದೆ ಬಂದರೂ ಕಾರಣ ಬರೆದಿಡಬೇಕು. ಊರಿನ ಇಬ್ಬರನ್ನು ಪಂಚರಾಗಿ ಕರೆಯಬೇಕು, ಪಂಚನಾಮೆ ಬರೆಯಬೇಕು, ಏನೇನು ತೆಗೆದುಕೊಂಡು ಹೋದರು ಎಂಬ ಪಟ್ಟಿಯ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ತಪ್ಪು ನಡೆದರೆ ಹಿಡಿದು ಕೇಳಲು ಕೈಯಲ್ಲಿ ಒಂದು ಕಾಗದವಾದರೂ ಇರುತ್ತದೆ.

ಫೋನ್ ಕದ್ದಾಲಿಕೆಯಲ್ಲಿ ಇದು ಯಾವುದೂ ಇಲ್ಲ. ನ್ಯಾಯಾಧೀಶರ ವಾರಂಟ್ ಇಲ್ಲ, ಪಂಚರಿಲ್ಲ, ಪಟ್ಟಿಯಿಲ್ಲ. ಕೆಲಸ ನಡೆಯುವುದು ದೂರವಾಣಿ ಕಂಪನಿಯ ಯಂತ್ರಗಳಲ್ಲಿ. ಆದ್ದರಿಂದ ಫೋನಿನಲ್ಲಿ 'ಕಟ್ ಕಟ್' ಶಬ್ದ ಬಂದರೆ, ಬ್ಯಾಟರಿ ಬೇಗ ಖಾಲಿಯಾದರೆ ಯಾರೋ ಕೇಳುತ್ತಿದ್ದಾರೆ ಎಂದು ತಿಳಿಯಬೇಕಾಗಿಲ್ಲ. ನಿಜವಾಗಿ ಕೇಳುತ್ತಿದ್ದರೆ ಯಾವ ಶಬ್ದವೂ ಬರುವುದಿಲ್ಲ. ಕೇಳಿ ಮುಗಿದ ಮೇಲೆ 'ನಿಮ್ಮ ಮಾತು ಕೇಳಿದ್ದೆವು, ಏನೂ ಸಿಗಲಿಲ್ಲ' ಎಂದು ತಿಳಿಸಬೇಕೆಂಬ ನಿಯಮವೂ ನಮ್ಮ ದೇಶದಲ್ಲಿ ಇಲ್ಲ.

ಬ್ರಿಟಿಷರ ಕಾಯ್ದೆಯಿಂದ ಹೊಸ ಕಾಯ್ದೆಗೆ

ನಮ್ಮಲ್ಲಿ ಕದ್ದಾಲಿಕೆಗೆ ಮೂಲ ಆಧಾರವಾಗಿದ್ದುದು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮು. ತಂತಿ ಸಂದೇಶದ ಕಾಲಕ್ಕೆ ಬ್ರಿಟಿಷರು ಮಾಡಿದ ಈ ಕಾಯ್ದೆಯೇ ಮೊಬೈಲ್ ಕಾಲದವರೆಗೂ ಎಳೆದುಕೊಂಡು ಬಂತು. ಅದರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕದ್ದಾಲಿಕೆಯ ಅಧಿಕಾರವಿರುವ ಅದರ 20ನೇ ಕಲಮು 2024ರ ಜೂನ್ 26ರಂದು ಜಾರಿಯಾಯಿತು. ಹೊಸ ನಿಯಮಾವಳಿ 2024ರ ಡಿಸೆಂಬರಿನಲ್ಲಿ ಬಂತು.

ಕಾಯ್ದೆ ಹೊಸದಾದರೂ ಹೂರಣ ಹಳೆಯದೇ. ಮೊದಲ ಶರತ್ತು: ಸಾರ್ವಜನಿಕ ತುರ್ತು ಸ್ಥಿತಿ ಇರಬೇಕು, ಇಲ್ಲವೇ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆ ಎದ್ದಿರಬೇಕು. ಎರಡನೆಯ ಶರತ್ತು: ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳೊಡನೆ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆ ತಡೆಯುವುದು, ಇವುಗಳಲ್ಲಿ ಒಂದಕ್ಕೆ ಕದ್ದಾಲಿಕೆ ಅಗತ್ಯವಾಗಿರಬೇಕು. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಕೇಳಬಹುದು. ಬರೀ ಅನುಮಾನ, ಕುತೂಹಲ, ರಾಜಕೀಯ ಹಗೆ, ಇವು ಯಾವುದಕ್ಕೂ ಕಾಯ್ದೆಯಲ್ಲಿ ಜಾಗವಿಲ್ಲ.

ಇದಲ್ಲದೆ ಕಂಪ್ಯೂಟರ್, ಇಂಟರ್‌ನೆಟ್ ಮಾಹಿತಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮು ಇದೆ. ಅದರ ಬಾಗಿಲು ಇನ್ನೂ ದೊಡ್ಡದು. ಯಾವುದೇ ಅಪರಾಧದ ತನಿಖೆಗೂ ಅದನ್ನು ಬಳಸಬಹುದು. 2018ರ ಡಿಸೆಂಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಗುಪ್ತಚರ ದಳ, ಸಿಬಿಐ, ಜಾರಿ ನಿರ್ದೇಶನಾಲಯ ಸೇರಿ 10 ಸಂಸ್ಥೆಗಳಿಗೆ ಇದರಡಿ ಅಧಿಕಾರ ಕೊಟ್ಟಿತು.

ಕುರ್ಚಿ ಕಳೆದ ಕದ್ದಾಲಿಕೆ

ಕದ್ದಾಲಿಕೆ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು 1988. ಮೌಲ್ಯಾಧಾರಿತ ರಾಜಕಾರಣದ ಮಾತಿಗೆ ಹೆಸರಾಗಿದ್ದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ, ತಮ್ಮದೇ ಪಕ್ಷದ ಭಿನ್ನಮತೀಯರೂ ಸೇರಿ ಹಲವು ರಾಜಕಾರಣಿಗಳ ದೂರವಾಣಿಯನ್ನು ರಾಜ್ಯದ ಪೊಲೀಸರು ಕದ್ದಾಲಿಸಿದ್ದಾರೆಂಬ ವಿಷಯ ಹೊರಬಂತು. ದೊಡ್ಡ ಗದ್ದಲವಾಯಿತು. ಆ ವರ್ಷದ ಆಗಸ್ಟಿನಲ್ಲಿ ಹೆಗಡೆಯವರು ರಾಜೀನಾಮೆ ಕೊಟ್ಟರು, ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು.

ಮೂರು ವರ್ಷದ ಮೇಲೆ ದೆಹಲಿಯಲ್ಲೂ ಇಂಥದೇ ಒಂದು ಪ್ರಸಂಗ ನಡೆಯಿತು. ಅಲ್ಲಿ ಫೋನ್ ಅಲ್ಲ, ಬೇಹುಗಾರಿಕೆ. ರಾಜೀವ್ ಗಾಂಧಿಯವರ ಮನೆಯ ಬಳಿ ಹರಿಯಾಣದ ಇಬ್ಬರು ಪೊಲೀಸರು ಸಿಕ್ಕಿಬಿದ್ದರೆಂದು ಕಾಂಗ್ರೆಸ್ ಆಕ್ಷೇಪಿಸಿತು. ಕಾಂಗ್ರೆಸ್ ಬೆಂಬಲದಲ್ಲೇ ನಿಂತಿದ್ದ ಚಂದ್ರಶೇಖರ್ ಸರಕಾರ 1991ರ ಮಾರ್ಚಿನಲ್ಲಿ ಹೋಯಿತು.

ಎರಡೂ ಕಡೆ ವಿಷಯ ಹೊರಬಂದದ್ದು ಯಾವುದೋ ಪರಿಶೀಲನೆಯಿಂದಲ್ಲ. ರಾಜಕೀಯ ಜಗಳದಿಂದ. ಆಗ ಪರಿಶೀಲನೆ ಎಂಬ ವ್ಯವಸ್ಥೆಯೇ ಇರಲಿಲ್ಲ.

1996ರ ತೀರ್ಪು ಕೊಟ್ಟದ್ದು ಏನು, ಬಿಟ್ಟದ್ದು ಏನು?

ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಬಗ್ಗೆ ಸಿಬಿಐ ಮಾಡಿದ ವರದಿ 1991ರಲ್ಲಿ ಹೊರಬಿದ್ದಿತು. ಅದನ್ನು ಹಿಡಿದು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಡಿಸೆಂಬರ್ 18ರಂದು ತೀರ್ಪು ಬಂತು. ಮನೆಯಲ್ಲೋ ಕಚೇರಿಯಲ್ಲೋ ಕೂತು ಫೋನಿನಲ್ಲಿ ಮಾತನಾಡುವುದು ಖಾಸಗಿ ಬದುಕಿನ ಭಾಗ, ಕಾನೂನಿನ ಕ್ರಮ ಬಿಟ್ಟು ಅದನ್ನು ಕೇಳುವಂತಿಲ್ಲ ಎಂದು ಕೋರ್ಟು ಹೇಳಿತು.

ಅದರ ಜತೆಗೆ ಕೋರ್ಟು ಕೆಲವು ಕಟ್ಟುಪಾಡು ಹಾಕಿತು. ಅವೇ 2007ರಲ್ಲಿ 419ಎ ಎಂಬ ನಿಯಮವಾದವು. ಈಗಿನ ನಿಯಮದಲ್ಲೂ ಹೆಚ್ಚುಕಡಿಮೆ ಅದೇ ಚೌಕಟ್ಟು ಇದೆ:

- ಆದೇಶಕ್ಕೆ ಸಹಿ ಹಾಕುವವರು ಕೇಂದ್ರದಲ್ಲಿ ಕೇಂದ್ರ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ರಾಜ್ಯದ ಗೃಹ ಕಾರ್ಯದರ್ಶಿ.
- ಒಂದು ಆದೇಶದ ಆಯುಷ್ಯ 60 ದಿನ. ಮುಂದುವರಿಸಬಹುದು, ಆದರೆ ಒಟ್ಟು 180 ದಿನ ದಾಟುವಂತಿಲ್ಲ.
- ತುರ್ತಿನಲ್ಲಿ ಹಿರಿಯ ಪೊಲೀಸ್ ಅಧಿಕಾರಿಯೇ ಕೇಳಲು ಶುರುಮಾಡಬಹುದು. ಆದರೆ ಏಳು ಕೆಲಸದ ದಿನಗಳೊಳಗೆ ಗೃಹ ಕಾರ್ಯದರ್ಶಿಯ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು.
- ಪ್ರತಿ ಆದೇಶದ ಪ್ರತಿ ಪರಿಶೀಲನಾ ಸಮಿತಿಗೆ ಹೋಗಬೇಕು. ಸಮಿತಿ ಎರಡು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು.

ಕೇಳಲು ಚೆನ್ನಾಗಿದೆ. ಆದರೆ ಅರ್ಜಿದಾರರು ಮುಖ್ಯವಾಗಿ ಬೇಡಿದ್ದು ಇನ್ನೊಂದು. ಕದ್ದಾಲಿಕೆಗೆ ಮೊದಲೇ ನ್ಯಾಯಾಧೀಶರೊಬ್ಬರು ನೋಡಿ ಒಪ್ಪಬೇಕು ಎಂಬುದು ಅವರ ಕೋರಿಕೆ. ಕಾಯ್ದೆಯಲ್ಲಿ ಅಂಥ ಏರ್ಪಾಡು ಇಲ್ಲದಿರುವಾಗ ತಾನು ಅದನ್ನು ಸೇರಿಸಲಾಗದು ಎಂದು ಕೋರ್ಟು ಅದನ್ನು ಒಪ್ಪಲಿಲ್ಲ. 2023ರಲ್ಲಿ ಹೊಸ ಕಾಯ್ದೆ ಮಾಡುವಾಗ ಸಂಸತ್ತು ಅದನ್ನು ಸೇರಿಸಬಹುದಿತ್ತು. ಸೇರಿಸಲಿಲ್ಲ.

ಎರಡು ಸೆಕೆಂಡಿನ ಪರಿಶೀಲನೆ

ಪರಿಶೀಲನಾ ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ಇನ್ನೊಬ್ಬ ಕಾರ್ಯದರ್ಶಿ. ಎಲ್ಲರೂ ಅದೇ ಸರಕಾರದ ಅಧಿಕಾರಿಗಳು. ನ್ಯಾಯಾಧೀಶರಿಲ್ಲ, ವಿರೋಧ ಪಕ್ಷದವರಿಲ್ಲ, ಹೊರಗಿನವರು ಒಬ್ಬರೂ ಇಲ್ಲ. ಅಣ್ಣ ಬರೆದ ಲೆಕ್ಕವನ್ನು ತಮ್ಮ ತಪಾಸಣೆ ಮಾಡಿದ ಹಾಗೆ.

ಸರಿ, ಅವರು ಪ್ರಾಮಾಣಿಕರೇ ಎಂದಿಟ್ಟುಕೊಳ್ಳೋಣ. ಅವರಿಗೆ ಸಮಯವಾದರೂ ಇದೆಯೇ? ಮಾಹಿತಿ ಸಂರಕ್ಷಣೆಯ ಬಗ್ಗೆ ಕೇಂದ್ರ ಸರಕಾರವೇ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ವರದಿ ಕೊಟ್ಟಿತು. ಕೇಂದ್ರದ ಪರಿಶೀಲನಾ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ನೋಡಬೇಕಾದ ಅಸಾಧ್ಯ ಕೆಲಸ ಹೊತ್ತಿದೆ ಎಂದು ಆ ವರದಿ ಹೇಳಿತು. ನಾವೇ ಲೆಕ್ಕ ಹಾಕೋಣ. ಊಟ, ಚಹಾ ಬಿಟ್ಟು ಎಂಟು ತಾಸು ಕೂತರೂ ಸಿಗುವುದು 28,800 ಸೆಕೆಂಡ್. ಅಂದರೆ ಒಂದು ಆದೇಶಕ್ಕೆ ಎರಡು ಸೆಕೆಂಡೂ ಇಲ್ಲ. ಹಾಳೆ ತಿರುವಲೂ ಅಷ್ಟು ಸಾಲದು.

ದುರ್ಬಳಕೆ ನಡೆಯುವ ದಾರಿಗಳು

ಈ ಸಡಿಲ ಬೇಲಿಯಲ್ಲಿ ನುಸುಳುವುದು ಹೇಗೆ ಎಂಬುದಕ್ಕೆ ನಮ್ಮ ಅಕ್ಕಪಕ್ಕದಲ್ಲೇ ಉದಾಹರಣೆಗಳಿವೆ.

ಮೊದಲನೆಯದು ಸುಳ್ಳು ಹೆಸರು. ಮಹಾರಾಷ್ಟ್ರದ ಕಾಂಗ್ರೆಸ್ ನಾಯಕ ನಾನಾ ಪಟೋಲೆ 2021ರಲ್ಲಿ ಒಂದು ಆರೋಪ ಮಾಡಿದರು. ತಮ್ಮ ನಂಬರನ್ನು 'ಅಮ್ಜದ್ ಖಾನ್' ಎಂಬ ಮಾದಕ ವಸ್ತು ವ್ಯಾಪಾರಿಯದೆಂದು ತೋರಿಸಿ ಪೊಲೀಸರು ಕದ್ದಾಲಿಸಿದರು ಎಂಬುದು ಅದು. ಇನ್ನೂ ಕೆಲವು ನಾಯಕರಿಗೂ ಹೀಗೇ ಆಯಿತೆಂಬ ದೂರು ಬಂತು. 2022ರಲ್ಲಿ ಪ್ರಕರಣಗಳು ದಾಖಲಾದವು. ಸರಕಾರ ಬದಲಾದ ಮೇಲೆ, 2023ರಲ್ಲಿ, ಬಾಂಬೆ ಹೈಕೋರ್ಟು ಅವನ್ನು ರದ್ದುಪಡಿಸಿತು. ಆರೋಪ ನಿಜವೋ ಸುಳ್ಳೋ, ವಿಚಾರಣೆ ನಡೆದು ತೀರ್ಮಾನವಾಗಲಿಲ್ಲ. ಆದರೆ ಪ್ರಶ್ನೆ ಉಳಿದಿದೆ: ಸಹಿ ಹಾಕುವವರ ಮುಂದೆ ಬರುವುದು ಒಂದು ನಂಬರು ಮತ್ತು ಒಂದು ಹೆಸರು. ಆ ನಂಬರು ನಿಜವಾಗಿ ಆ ಹೆಸರಿನವರದೇ ಎಂದು ಪರೀಕ್ಷಿಸುವವರು ಯಾರು?

ಎರಡನೆಯದು ಹಣೆಪಟ್ಟಿ. ತೆಲಂಗಾಣದಲ್ಲಿ ಮಾವೋವಾದಿಗಳ ಮೇಲೆ ಕಣ್ಣಿಡಲು ಇದ್ದ ವಿಶೇಷ ಗುಪ್ತಚರ ವಿಭಾಗವನ್ನು ಹಿಂದಿನ ಸರಕಾರದ ಕಾಲದಲ್ಲಿ ವಿರೋಧ ಪಕ್ಷದವರು, ಉದ್ಯಮಿಗಳು, ಪತ್ರಕರ್ತರ ಮೇಲೆ ತಿರುಗಿಸಲಾಯಿತು ಎಂಬುದು ಅಲ್ಲಿನ ಪೊಲೀಸರ ಆರೋಪ. 2023ರ ಡಿಸೆಂಬರಿನಲ್ಲಿ ಚುನಾವಣಾ ಫಲಿತಾಂಶ ಬಂದ ಬೆನ್ನಿಗೇ ಕಚೇರಿಯ ಹಾರ್ಡ್ ಡಿಸ್ಕುಗಳನ್ನು ನಾಶಮಾಡಿದರೆಂಬ ಆರೋಪವೂ ಇದೆ. 2024ರ ಮಾರ್ಚಿನಿಂದ ಪೊಲೀಸ್ ಅಧಿಕಾರಿಗಳೇ ಬಂಧನಕ್ಕೊಳಗಾದರು.

ಮೂರನೆಯದು ಖೋಟಾ ಪತ್ರ. 2005ರಲ್ಲಿ ಸಮಾಜವಾದಿ ಪಕ್ಷದ ಅಮರ್ ಸಿಂಗ್ ಅವರ ಫೋನನ್ನು ದೆಹಲಿಯಲ್ಲಿ ಒಂದು ಖಾಸಗಿ ದೂರವಾಣಿ ಕಂಪನಿ ಕದ್ದಾಲಿಕೆಗೆ ಒಡ್ಡಿತು. ಅದಕ್ಕೆ ಆಧಾರವಾದ ಪತ್ರವೇ ಖೋಟಾ ಎಂದು ಆಮೇಲೆ ತಿಳಿಯಿತು. ಪತ್ರದ ತುಂಬ ಕಾಗುಣಿತ, ವ್ಯಾಕರಣದ ತಪ್ಪು. ಇಷ್ಟು ತಪ್ಪಿದ್ದರೂ ಕಂಪನಿಗೆ ಅನುಮಾನ ಬಾರದೇ ಹೋಯಿತೇ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಅಚ್ಚರಿಪಟ್ಟಿತು.

ಕರ್ನಾಟಕವೂ ಹೊರತಲ್ಲ. 2019ರಲ್ಲಿ ಮೈತ್ರಿ ಸರಕಾರ ಬಿದ್ದ ಮೇಲೆ ಅದರ ಕಾಲದಲ್ಲಿ ಕದ್ದಾಲಿಕೆ ನಡೆದಿದೆ ಎಂಬ ದೂರು ಬಂತು, ಹೊಸ ಸರಕಾರ ಅದನ್ನು ಸಿಬಿಐಗೆ ವಹಿಸಿತು. ಗಮನಿಸಿ: ಯಾವ ರಾಜ್ಯವಾದರೂ, ಯಾವ ಪಕ್ಷವಾದರೂ, ಹಿಂದಿನವರ ಕದ್ದಾಲಿಕೆ ಹೊರಬರುವುದು ಕುರ್ಚಿ ಬದಲಾದ ಮೇಲೆ. ಕುರ್ಚಿಯಲ್ಲಿದ್ದಾಗ ಅದನ್ನು ಹಿಡಿಯುವ ಕೈ ಕಾಣುವುದಿಲ್ಲ.

ಕೋರ್ಟುಗಳಲ್ಲಿ ಎರಡು ದಾರಿ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ಹೇಳಿದರು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ತೀರ್ಪಿನ ಬಲದಿಂದ ಕೆಲವರು ಕದ್ದಾಲಿಕೆಯ ಆದೇಶಗಳನ್ನೇ ಪ್ರಶ್ನಿಸಿದರು.

2019ರಲ್ಲಿ ಬಾಂಬೆ ಹೈಕೋರ್ಟು ಒಂದು ಲಂಚದ ಪ್ರಕರಣದಲ್ಲಿ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದುಮಾಡಿ, ಧ್ವನಿಮುದ್ರಣವನ್ನು ನಾಶಪಡಿಸಲು ಹೇಳಿತು. 2025ರ ಜುಲೈ 2ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಇದೇ ದಾರಿ ಹಿಡಿದರು. 2011ರ ಒಂದು ಲಂಚದ ಪ್ರಕರಣದಲ್ಲಿ ಸಾರ್ವಜನಿಕ ತುರ್ತೂ ಇರಲಿಲ್ಲ, ಸುರಕ್ಷತೆಯ ಪ್ರಶ್ನೆಯೂ ಇರಲಿಲ್ಲ, ಕೇಳಿದ ಮಾತನ್ನು ಪರಿಶೀಲನಾ ಸಮಿತಿಯ ಮುಂದೆ ಇಟ್ಟಿರಲೂ ಇಲ್ಲ, ಆದ್ದರಿಂದ ಅದನ್ನು ಸಾಕ್ಷಿಯಾಗಿ ಬಳಸುವಂತಿಲ್ಲ ಎಂದರು. ಅದಕ್ಕೆ ಕೆಲವೇ ದಿನ ಮೊದಲು ದೆಹಲಿ ಹೈಕೋರ್ಟು ಇನ್ನೊಂದು ಪ್ರಕರಣದಲ್ಲಿ, ದೊಡ್ಡ ಭ್ರಷ್ಟಾಚಾರವೂ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯಾಗಬಹುದು ಎಂದು ಹೇಳಿ ಕದ್ದಾಲಿಕೆಯನ್ನು ಎತ್ತಿಹಿಡಿದಿತ್ತು.

ಸಾಕ್ಷ್ಯದ ಹಳೆಯ ನಿಯಮವೂ ಸರಕಾರದ ಕಡೆಗೇ ವಾಲುತ್ತದೆ. ಪಡೆದ ರೀತಿ ತಪ್ಪಾಗಿದ್ದರೂ ಸಾಕ್ಷ್ಯ ಪ್ರಸ್ತುತವಾಗಿದ್ದರೆ ನೋಡಬಹುದು ಎಂಬುದು ಸುಪ್ರೀಂ ಕೋರ್ಟಿನ ಹಳೆಯ ತೀರ್ಪುಗಳ ಧೋರಣೆ. ನಿಯಮ ಮುರಿದು ಕೇಳಿದರೂ ಸಾಕ್ಷಿ ನಿಲ್ಲುತ್ತದೆ ಎಂದಾದರೆ ನಿಯಮ ಪಾಲಿಸುವ ಅವಸರ ಯಾರಿಗಿರುತ್ತದೆ?

ಕೇಳಿದ್ದಾರೆಂದು ತೋರಿಸಿಕೊಡುವುದೂ ಸುಲಭವಲ್ಲ. ಫೋನಿನೊಳಗೇ ನುಗ್ಗುವ 'ಪೆಗಾಸಸ್' ತಂತ್ರಾಂಶದ ಸುದ್ದಿ 2021ರ ಜುಲೈಯಲ್ಲಿ ಬಂತು. ಸುಪ್ರೀಂ ಕೋರ್ಟು ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸಮಿತಿ ಮಾಡಿತು. 2022ರ ಆಗಸ್ಟಿನಲ್ಲಿ ಬಂದ ಉತ್ತರ: 29 ಫೋನುಗಳಲ್ಲಿ 5ರಲ್ಲಿ ಕಳ್ಳ ತಂತ್ರಾಂಶವಿತ್ತು, ಅದು ಪೆಗಾಸಸ್ಸೇ ಎಂದು ಖಚಿತವಿಲ್ಲ, ಕೇಂದ್ರ ಸರಕಾರ ಸಹಕರಿಸಲಿಲ್ಲ.

ನ್ಯಾಯಾಧೀಶರ ಸಹಿ ಇದ್ದರೆ ಎಲ್ಲವೂ ಸರಿಹೋಗುತ್ತದೆಯೇ?

ಅಮೆರಿಕದಲ್ಲಿ ನ್ಯಾಯಾಧೀಶರ ಸಹಿ ಬೇಕು. ವಿದೇಶಿ ಬೇಹುಗಾರಿಕೆಗೆಂದೇ 1978ರಲ್ಲಿ ಅಲ್ಲಿ ಒಂದು ವಿಶೇಷ ಕೋರ್ಟು ಮಾಡಿದರು. ಆದರೂ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಧ್ಯಕ್ಷ ಬುಷ್ ಅವರು ಆ ಕೋರ್ಟನ್ನು ಬದಿಗಿಟ್ಟು ವಾರಂಟಿಲ್ಲದೆ ಕೇಳಲು ಅಪ್ಪಣೆ ಕೊಟ್ಟರು. 2005ರ ಡಿಸೆಂಬರಿನಲ್ಲಿ ಪತ್ರಿಕೆಯೊಂದು ಅದನ್ನು ಬಯಲುಮಾಡಿತು. 2006ರಲ್ಲಿ ಒಬ್ಬ ನ್ಯಾಯಾಧೀಶೆ ಅದು ಸಂವಿಧಾನಬಾಹಿರ ಎಂದರು. ಮರುವರ್ಷ ಮೇಲ್ಮನವಿ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಕಾರಣ, ತಮ್ಮ ಫೋನನ್ನೇ ಕೇಳಿದ್ದಾರೆಂದು ಅರ್ಜಿದಾರರು ತೋರಿಸಲಾಗಲಿಲ್ಲ.

ಅಂದರೆ ಸಹಿ ಒಂದೇ ಸಾಲದು. ಆದರೆ ಅಲ್ಲಿ ಮುರಿಯಲು ಒಂದು ನಿಯಮ ಇತ್ತು, ಮುರಿದರೆಂದು ಕೇಳುವವರೂ ಇದ್ದರು. ನಮ್ಮಲ್ಲಿ ಆ ಮೊದಲ ಬಾಗಿಲೇ ಇಲ್ಲ.

ಗಡಿಯಲ್ಲಿರುವ ನಮಗೇಕೆ ಇದು?

ಕಾಸರಗೋಡಿನವರಿಗೆ ತಿರುವನಂತಪುರದ, ಅಕ್ಕಲಕೋಟೆಯವರಿಗೆ ಮುಂಬಯಿಯ, ಹೊಸೂರು-ತಾಳವಾಡಿಯವರಿಗೆ ಚೆನ್ನೈಯ ಗೃಹ ಕಾರ್ಯದರ್ಶಿ. ಎಲ್ಲರ ಮೇಲೂ ದೆಹಲಿ. ಗಡಿಯಲ್ಲಿ ಭಾಷೆ, ಶಾಲೆ, ನೀರಿನ ಬೇಡಿಕೆ ಜೋರಾದರೆ ಅದಕ್ಕೆ 'ಸಾರ್ವಜನಿಕ ಸುವ್ಯವಸ್ಥೆ' ಎಂಬ ಹೆಸರು ಕೊಡುವುದು ಕಷ್ಟವೇನಲ್ಲ. ಅದೇ ಆ ಪದದ ಅಪಾಯ. ಆದ್ದರಿಂದ ಕೆಲವು ವಿಷಯ ನೆನಪಿರಲಿ.

ಮಾತು ಕೇಳುವುದು ಬೇರೆ, ಯಾರಿಗೆ ಯಾವಾಗ ಎಷ್ಟು ಹೊತ್ತು ಕರೆ ಮಾಡಿದಿರಿ ಎಂಬ ಪಟ್ಟಿ ತರಿಸುವುದು ಬೇರೆ. ಈ ಪಟ್ಟಿಗೆ, ಅಂದರೆ ಸಿಡಿಆರ್‌ಗೆ, ಗೃಹ ಕಾರ್ಯದರ್ಶಿಯ ತನಕ ಹೋಗಬೇಕಾಗಿಲ್ಲ. 2020ರ ಆಗಸ್ಟಿನಲ್ಲಿ ಕೇರಳದಲ್ಲಿ ಕೊರೋನಾ ರೋಗಿಗಳ ಸಿಡಿಆರ್ ತೆಗೆಯಲು ಪೊಲೀಸರು ಹೊರಟಾಗ ವಿರೋಧ ಪಕ್ಷದ ನಾಯಕರು ಹೈಕೋರ್ಟಿಗೆ ಹೋದರು. ಟವರಿನ ಸ್ಥಳ ಮಾತ್ರ ಸಾಕು ಎಂದು ಸರಕಾರ ಅಲ್ಲಿ ಹೇಳಬೇಕಾಯಿತು. ಕೇಳಿದ್ದಕ್ಕೆ ಅಷ್ಟಾದರೂ ಆಯಿತು.

ಯಾವುದೇ ಪ್ರಕರಣದಲ್ಲಿ ನಿಮ್ಮ ಅಥವಾ ನಿಮ್ಮವರ ವಿರುದ್ಧ ಫೋನ್ ಮಾತಿನ ಮುದ್ರಣ ಮುಂದಿಟ್ಟರೆ, ವಕೀಲರ ಮೂಲಕ ನಾಲ್ಕು ಪ್ರಶ್ನೆ ಕೇಳಿಸಿ: ಆದೇಶದ ಪ್ರತಿ ಎಲ್ಲಿ? ಸಹಿ ಯಾರದು? ದಿನಾಂಕ ಹೊಂದುತ್ತದೆಯೇ? ಪರಿಶೀಲನಾ ಸಮಿತಿ ನೋಡಿದೆಯೇ? ಮಹಾರಾಷ್ಟ್ರದ 'ಮೊಕ್ಕಾ' ಕಾಯ್ದೆಯಲ್ಲಂತೂ ವಿಚಾರಣೆಗೆ 10 ದಿನ ಮೊದಲೇ ಆರೋಪಿಗೆ ಆದೇಶದ ಪ್ರತಿ ಕೊಡಬೇಕೆಂದು ಬರೆದೇ ಇದೆ. ಕಾನೂನು ಬಿಟ್ಟು ಯಾರೇ ಕದ್ದಾಲಿಸಿದರೂ ಹೊಸ ಕಾಯ್ದೆಯ 42ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಇದೆ.

ಭಯೋತ್ಪಾದಕರ, ಅಪಹರಣಕಾರರ ಫೋನನ್ನು ಸರಕಾರ ಕೇಳಬಾರದು ಎಂದು ಯಾರೂ ಹೇಳುತ್ತಿಲ್ಲ. ಕೇಳಲಿ. ಆದರೆ ಕೇಳುವ ಮೊದಲು ಸರಕಾರದ ಸಂಬಳದ ಹಂಗಿಲ್ಲದ ಒಬ್ಬರು ಕಾಗದ ಓದಿ ಒಪ್ಪಲಿ. ವರ್ಷಕ್ಕೆ ಎಷ್ಟು ಆದೇಶ ಹೊರಟವು ಎಂಬ ಲೆಕ್ಕವನ್ನು ವಿಧಾನಸಭೆಯ ಮುಂದೆ ಇಡಲಿ. ಮುಂದಿನ ಸಲ ಮತ ಕೇಳಲು ಮನೆಗೆ ಬಂದವರಿಗೆ ರಸ್ತೆ, ನೀರಿನ ಜತೆ ಈ ಎರಡು ಪ್ರಶ್ನೆಯನ್ನೂ ಕೇಳಿ. ಅವರು ವಿರೋಧ ಪಕ್ಷದವರಾದರೆ ಕೂಡಲೇ ಹೂಂ ಎನ್ನುತ್ತಾರೆ. ಗೆದ್ದು ಕುರ್ಚಿ ಹಿಡಿದ ಮೇಲೆ ಇನ್ನೊಮ್ಮೆ ಕೇಳಿ ನೋಡಿ.